ಗಿಡ ಬೆಳೆಸುವ ಅಕ್ವೇರಿಯಂಗೆ ಎಂಥ ಮರಳು? ಕಡಿಮೆ ಖರ್ಚಿನ ತಳಹಾಸನ್ನು ಆರಿಸುವ ಬಗೆ

ಸಿಹಿನೀರಿನ ಅಕ್ವೇರಿಯಂನಲ್ಲಿ ಮೀನಿನ ಜೊತೆಗೆ ಗಿಡಗಳನ್ನೂ ಬೆಳೆಸಬೇಕೆಂದು ಹೊರಟ ಎಷ್ಟೋ ಮಂದಿ ತಳಹಾಸಿನ ಬೆಲೆ ಕೇಳಿಯೇ ಹಿಂದೆ ಸರಿಯುತ್ತಾರೆ. ಅಕ್ವಾಸಾಯಿಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ, ಮಣ್ಣನ್ನು ಕಾಳು ಕಟ್ಟಿ ಶಾಖದಲ್ಲಿ ಗಟ್ಟಿಮಾಡಿದ ಸಬ್‌ಸ್ಟ್ರೇಟ್ ಎರಡಡಿ ಉದ್ದದ ತೊಟ್ಟಿಗೇ ಸಾವಿರಾರು ರೂಪಾಯಿ ಬೇಡುತ್ತದೆ. ಅದೇ ತೊಟ್ಟಿಯ ತಳವನ್ನು ಮರಳಿನಿಂದ ತುಂಬಲು ಆ ಮೊತ್ತದ ಸಣ್ಣದೊಂದು ಪಾಲು ಸಾಕಾಗುತ್ತದೆ. ಆದರೆ ಮರಳು ಎಂಬ ಒಂದೇ ಹೆಸರಿನ ಕೆಳಗೆ ಗುಣದಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಹಲವು ವಸ್ತುಗಳು ಮಾರುಕಟ್ಟೆಯಲ್ಲಿರುವುದರಿಂದ, ಅಗ್ಗವಾಗಿದೆ ಎಂಬ ಒಂದೇ ಕಾರಣಕ್ಕೆ ಕೈಗೆ ಸಿಕ್ಕಿದ್ದನ್ನು ತಂದು ಸುರಿದರೆ ಗಿಡವೂ ನಿಲ್ಲುವುದಿಲ್ಲ, ಮೀನೂ ಸುಖವಾಗಿರುವುದಿಲ್ಲ.

ಮರಳಿನಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದು ಮೊದಲು ಸ್ಪಷ್ಟವಾಗಬೇಕು. ಬೇರಿಗೆ ಹಿಡಿತ ಕೊಡುವುದು, ಬೇರಿನ ಸುತ್ತ ನೀರು ಸುಳಿದಾಡಲು ಎಡೆ ಬಿಡುವುದು, ನೀರಿನ ಗುಣವನ್ನು ಬದಲಿಸದೆ ಸುಮ್ಮನಿರುವುದು – ಇಷ್ಟೇ ಅದರ ಕೆಲಸ. ಗಿಡಕ್ಕೆ ಆಹಾರ ಒದಗಿಸುವ ಶಕ್ತಿ ಶುದ್ಧ ಮರಳಿಗೆ ಇಲ್ಲ. ಆದ್ದರಿಂದ ಮರಳಿನ ಮೇಲೆ ಆದಷ್ಟು ಕಡಿಮೆ ಖರ್ಚು ಮಾಡಿ, ಉಳಿದ ಹಣವನ್ನು ಬೇರಿನ ಬುಡಕ್ಕೆ ಪೋಷಕಾಂಶ ಒದಗಿಸುವುದಕ್ಕೆ ಬಳಸುವುದೇ ಜಾಣತನ ಎಂದು ನಾನು ಖಚಿತವಾಗಿ ನಂಬಿದ್ದೇನೆ. ಹೊಳೆಯುವ ಪೊಟ್ಟಣದಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ‘ಅಕ್ವೇರಿಯಂ ಮರಳು’ ಬಹುಪಾಲು ಸಂದರ್ಭಗಳಲ್ಲಿ ಇತರ ಕೆಲಸಗಳಿಗೆ ಮೂಟೆಯಲ್ಲಿ ಮಾರುವ ಅದೇ ಸಿಲಿಕಾ ಮರಳು.

ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಾಳಿನ ಗಾತ್ರ. ನಯವಾದ ಮರಳಿನಲ್ಲಿಯೂ ದಪ್ಪ ಮರಳಿನಲ್ಲಿಯೂ ಕಾಳುಗಳ ನಡುವಿನ ಖಾಲಿ ಜಾಗ ಒಟ್ಟಾರೆ ಗಾತ್ರದ ಸುಮಾರು ಶೇಕಡಾ 40ರಷ್ಟೇ ಇರುತ್ತದೆ. ವ್ಯತ್ಯಾಸವಿರುವುದು ಆ ಜಾಗ ಎಷ್ಟು ಸಣ್ಣ ಸಣ್ಣ ಸಂದುಗಳಾಗಿ ಹಂಚಿಹೋಗಿದೆ ಎಂಬುದರಲ್ಲಿ. ಕುಡಿಯುವ ನೀರನ್ನು ಸೋಸುವ ಮರಳಿನ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1892ರಲ್ಲಿಯೇ ಇದನ್ನು ಲೆಕ್ಕಕ್ಕೆ ತಂದರು. ಮರಳಿನ ಮೂಲಕ ನೀರು ಹಾದುಹೋಗುವ ಸರಾಗತೆ ಕಾಳಿನ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಅವರ ಸೂತ್ರದ ತಿರುಳು. ಅಂದರೆ ಕಾಳಿನ ಗಾತ್ರ ಅರ್ಧಕ್ಕಿಳಿದರೆ ನೀರಿನ ಓಡಾಟ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಇಲ್ಲಿ ಲೆಕ್ಕಕ್ಕೆ ಹಿಡಿಯುವ ಗಾತ್ರ ಸರಾಸರಿಯದಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ತೂಕದಲ್ಲಿ ಶೇಕಡಾ 10ರಷ್ಟು ಮರಳು ಯಾವ ಗಾತ್ರಕ್ಕಿಂತ ಸಣ್ಣದಾಗಿದೆಯೋ ಆ ಗಾತ್ರವನ್ನು ಹೇಜನ್ ‘ಪರಿಣಾಮಕಾರಿ ಗಾತ್ರ’ ಎಂಬ ಅಳತೆಗೋಲಾಗಿ ಇಟ್ಟುಕೊಂಡರು, ಏಕೆಂದರೆ ಅತಿ ಸಣ್ಣ ಕಾಳುಗಳೇ ದಪ್ಪ ಕಾಳುಗಳ ನಡುವಿನ ಸಂದುಗಳಲ್ಲಿ ಸೇರಿಕೊಂಡು ದಾರಿ ಮುಚ್ಚುತ್ತವೆ.

ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಚಿರೋಟಿ ರವೆಯಷ್ಟು ನುಣುಪಾದ ಮರಳು ಬೇಡ, ಇಡ್ಲಿ ರವೆಯ ಆಸುಪಾಸಿನದು ಬೇಕು. ಮಿಲಿಮೀಟರಿನಲ್ಲಿ ಇದು ಸುಮಾರು 0.5ರಿಂದ 1.5ರವರೆಗಿನ ವ್ಯಾಪ್ತಿ. ಇದಕ್ಕಿಂತ ಸಣ್ಣದಾದರೆ ಮರಳು ಬಿಗಿದುಕೊಂಡು ಒಳಗೆ ಆಮ್ಲಜನಕ ಸುಳಿಯದಂತಾಗುತ್ತದೆ, ಪೈಪಿನಿಂದ ತಳ ಸ್ವಚ್ಛಗೊಳಿಸುವಾಗ ಮರಳೇ ಮೇಲೆದ್ದು ಬರುತ್ತದೆ. 3 ಮಿಲಿಮೀಟರಿಗಿಂತ ದಪ್ಪವಾದರೆ ಮೀನಿನ ಆಹಾರದ ಚೂರುಗಳು ಸಂದಿಗಿಳಿದು ಕೊಳೆಯುತ್ತವೆ, ಸಣ್ಣ ಬೇರಿನ ಗಿಡಗಳು ಹಿಡಿತ ಸಿಗದೆ ತೇಲಿ ಮೇಲೆ ಬರುತ್ತವೆ.

ಈಗ ಮಾರುಕಟ್ಟೆಯತ್ತ ನೋಡೋಣ. ಕರ್ನಾಟಕದಲ್ಲಿ ಹಿಂದೆ ಸುಲಭವಾಗಿ ಸಿಗುತ್ತಿದ್ದ ಹೊಳೆಯ ಮರಳು ಗುಣದಲ್ಲಿ ಬಹಳ ಒಳ್ಳೆಯದು. ನೀರಿನಲ್ಲಿ ಉರುಳಿ ಅಂಚು ಸವೆದ ಅದರ ಕಾಳುಗಳಲ್ಲಿ ಸಿಲಿಕಾದ ಖನಿಜವಾದ ಕ್ವಾರ್ಟ್ಝ್‌ನ ಪಾಲೇ ಹೆಚ್ಚು. ಆದರೆ ನಮ್ಮ ನದಿಗಳ ಒಡಲು ಬಗೆದು ಮರಳು ತೆಗೆದದ್ದರ ಪರಿಣಾಮವನ್ನು ಎಲ್ಲರೂ ಕಂಡಿದ್ದೇವೆ. ಐದು ಹೆಕ್ಟೇರಿಗಿಂತ ಸಣ್ಣ ಪ್ರದೇಶದ ಮರಳು ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಆದೇಶಿಸಬೇಕಾಯಿತು. ಒಂದು ಬಕೆಟ್ ಮರಳಿನಿಂದ ಹೊಳೆ ಬರಿದಾಗುವುದಿಲ್ಲ ಎಂಬುದು ನಿಜವಾದರೂ, ಮೀನು ಮತ್ತು ನೀರುಗಿಡಗಳ ಮೇಲಿನ ಪ್ರೀತಿಯಿಂದ ಕಟ್ಟುವ ತೊಟ್ಟಿಗೆ ಆ ಜೀವಿಗಳ ನೆಲೆಯಿಂದಲೇ ಮರಳು ತರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಸಮುದ್ರದ ದಡದ ಮರಳಿನ ವಿಷಯ ಇನ್ನೂ ಸರಳ: ಅದರಲ್ಲಿ ಉಪ್ಪಿದೆ, ಚಿಪ್ಪಿನ ಚೂರುಗಳಿವೆ, ಕರಾವಳಿ ನಿಯಂತ್ರಣ ವಲಯದ ನಿಯಮಗಳ ನಿರ್ಬಂಧವೂ ಇದೆ. ಅದನ್ನು ಬಿಟ್ಟುಬಿಡಬೇಕು.

ಹಾಗಾದರೆ ಕಟ್ಟಡ ಸಾಮಗ್ರಿಯ ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುವ ಎಂ-ಸ್ಯಾಂಡ್ ಆಗುವುದಿಲ್ಲವೇ? ಬಂಡೆಯನ್ನು ಕ್ರಷರ್‌ನಲ್ಲಿ ಪುಡಿಮಾಡಿ ತಯಾರಿಸುವ ಈ ಮರಳು ಎಲ್ಲಕ್ಕಿಂತ ಅಗ್ಗ, ಸಿಗುವುದೂ ಸುಲಭ. ಆದರೆ ಅದನ್ನು ಕಾಂಕ್ರೀಟಿಗಾಗಿ ರೂಪಿಸಲಾಗಿದೆ. ಗಟ್ಟಿ ಕಾಂಕ್ರೀಟಿಗೆ ದಪ್ಪ, ಮಧ್ಯಮ, ಸಣ್ಣ ಕಾಳುಗಳೆಲ್ಲ ಹದವಾಗಿ ಬೆರೆತು, ಒಂದರ ಸಂದನ್ನು ಇನ್ನೊಂದು ತುಂಬಿ, ಖಾಲಿ ಜಾಗ ಆದಷ್ಟು ಕಡಿಮೆಯಾಗಬೇಕು. ಅಕ್ವೇರಿಯಂಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ. ಪುಡಿಮಾಡಿದ ಕಲ್ಲಿನ ಮರಳಿನಲ್ಲಿ 75 ಮೈಕ್ರಾನಿಗಿಂತ ನುಣುಪಾದ ಹುಡಿ ಶೇಕಡಾ 15ರವರೆಗೆ ಇರಲು ಭಾರತೀಯ ಮಾನಕ ಐಎಸ್ 383 ಅವಕಾಶ ಕೊಡುತ್ತದೆ. ಮೇಸ್ತ್ರಿಗೆ ತೊಂದರೆ ಕೊಡದ ಈ ಹುಡಿ ತೊಟ್ಟಿಯ ನೀರನ್ನು ದಿನಗಟ್ಟಲೆ ಹಾಲಿನಂತೆ ಮಾಡಿಬಿಡುತ್ತದೆ. ಗೋಡೆ ಗಿಲಾವಿಗೆ ಬಳಸುವ ಪಿ-ಸ್ಯಾಂಡ್ ಇನ್ನೂ ನುಣುಪು, ಹಾಗಾಗಿ ಇನ್ನೂ ಕೆಟ್ಟ ಆಯ್ಕೆ.

ಎಂ-ಸ್ಯಾಂಡ್ ಬಳಸಲೇಬೇಕೆಂದಿದ್ದರೆ ಜರಡಿ ಹಿಡಿಯುವುದು ಅನಿವಾರ್ಯ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ಕಣ್ಣು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಹಿಟ್ಟಿನ ಜರಡಿಯ ಕಣ್ಣು ಸುಮಾರು ಅರ್ಧ ಮಿಲಿಮೀಟರ್. ಒಣಗಿದ ಮರಳನ್ನು ಸ್ವಲ್ಪ ತೇವದಿಂದ ಹದಮಾಡಿಕೊಂಡರೆ ಹುಡಿ ಕಾಳಿಗೆ ಅಂಟಿ ಕೂರುತ್ತದೆ, ಪೂರ್ತಿ ಒಣಗಿದ್ದರೆ ಗಾಳಿಗೆ ಏಳುತ್ತದೆ. ಆದ್ದರಿಂದ ಎರಡೂ ಬೇಡ, ನೀರು ಹರಿಸುತ್ತಲೇ ಜರಡಿ ಹಿಡಿಯುವುದು ಮೇಲು. ಸೊಳ್ಳೆ ಜಾಲರಿಯಿಂದ ಕೆಳಗಿಳಿದು ಹಿಟ್ಟಿನ ಜರಡಿಯ ಮೇಲೆ ಉಳಿದದ್ದೇ ನಮಗೆ ಬೇಕಾದ ಮರಳು. ತಂದ ಮೂಟೆಯಲ್ಲಿ ದೊಡ್ಡ ಪಾಲು ಹೀಗೆ ಹೊರಹೋಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಮನೆ ಕಟ್ಟುವ ಜಾಗದಲ್ಲಿ ಉಳಿದ ರಾಶಿಯಿಂದ ಮರಳು ತರಬೇಡಿ. ಅದಕ್ಕೆ ಸೇರಿಕೊಂಡ ಹಿಡಿಯಷ್ಟು ಸಿಮೆಂಟ್ ಕೂಡ ನೀರಿನ ಪಿಎಚ್ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು.

ನನ್ನ ದೃಷ್ಟಿಯಲ್ಲಿ ಬೆಲೆ, ಗುಣ ಮತ್ತು ಶ್ರಮ ಮೂರನ್ನೂ ತೂಗಿ ನೋಡಿದರೆ ಫಿಲ್ಟರ್ ಮರಳಿಗೆ ಸಾಟಿಯಿಲ್ಲ. ಈಜುಕೊಳಗಳಲ್ಲಿ, ಅಪಾರ್ಟ್‌ಮೆಂಟುಗಳ ಪ್ರೆಷರ್ ಸ್ಯಾಂಡ್ ಫಿಲ್ಟರ್‌ಗಳಲ್ಲಿ, ಬೋರ್‌ವೆಲ್ ನೀರು ಸೋಸುವ ಘಟಕಗಳಲ್ಲಿ ತುಂಬುವ ಈ ಸಿಲಿಕಾ ಮರಳನ್ನು ಒಂದೇ ಗಾತ್ರದ ಕಾಳುಗಳಾಗಿ ಬೇರ್ಪಡಿಸಿ, ತೊಳೆದು ಮಾರುತ್ತಾರೆ. ಹೇಜನ್ ಹೇಳಿದ ಅಳತೆಗೋಲೇ ಇಲ್ಲಿ ಇಂದಿಗೂ ಬಳಕೆಯಲ್ಲಿದೆ: ನಮ್ಮಲ್ಲಿ ನಗರಗಳ ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಿಗೆ 0.45ರಿಂದ 0.70 ಮಿಲಿಮೀಟರಿನ ಪರಿಣಾಮಕಾರಿ ಗಾತ್ರವನ್ನು ಸೂಚಿಸಲಾಗುತ್ತದೆ. ಮೂಟೆಯ ಮೇಲೆ 16/30 ಮೆಶ್ ಎಂದು ಬರೆದಿದ್ದರೆ ಅದರ ಕಾಳುಗಳು ಸುಮಾರು 0.6ರಿಂದ 1.2 ಮಿಲಿಮೀಟರಿನೊಳಗಿವೆ ಎಂದು ತಿಳಿಯಬೇಕು, ಮತ್ತು ಗಿಡಗಳಿಗೆ ಇದಕ್ಕಿಂತ ಹೊಂದುವ ಗಾತ್ರ ಇನ್ನೊಂದಿಲ್ಲ. ಕೊಳ್ಳುವಾಗ ಒಂದು ವಿಷಯವನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಇದೇ ಅಂಗಡಿಗಳಲ್ಲಿ ಕಬ್ಬಿಣದ ಅಂಶ ತೆಗೆಯುವ ಮ್ಯಾಂಗನೀಸ್ ಕಾಳು, ಪಿಎಚ್ ಏರಿಸುವ ಕ್ಯಾಲ್ಸೈಟ್ ಕಾಳುಗಳೂ ಸಿಗುತ್ತವೆ. ಅವು ನಮಗೆ ಬೇಡ. ಲೋಹ ಉಜ್ಜಲು ಬಳಸುವ ಬ್ಲಾಸ್ಟಿಂಗ್ ಕಾಳುಗಳಲ್ಲಿ ತಾಮ್ರದ ಕಿಟ್ಟವೂ ಇರುವುದರಿಂದ, ಕಪ್ಪಾಗಿ ಚೆಂದ ಕಾಣುತ್ತದೆಂದು ಅದಕ್ಕೆ ಮನಸೋಲಬಾರದು. ತಾಮ್ರ ಸೀಗಡಿಗಳಿಗೂ ಬಸವನಹುಳುಗಳಿಗೂ ವಿಷ.

ಯಾವ ಮರಳನ್ನು ತಂದರೂ ಅದು ನೀರಿನಲ್ಲಿ ಸುಮ್ಮನಿರುತ್ತದೆಯೇ ಎಂದು ಪರೀಕ್ಷಿಸದೆ ತೊಟ್ಟಿಗೆ ಹಾಕಬಾರದು. ಕಲ್ಲಿನ ಗುಣ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರು, ತುಮಕೂರು, ಕೋಲಾರದ ಕಡೆಯ ಎಂ-ಸ್ಯಾಂಡ್ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಅದು ನೀರಿನಲ್ಲಿ ಹೆಚ್ಚೇನೂ ಕರಗುವುದಿಲ್ಲ. ಬೆಳಗಾವಿ, ವಿಜಯಪುರ, ಬೀದರ್ ಭಾಗದಲ್ಲಿ ಡೆಕ್ಕನ್ ಟ್ರ್ಯಾಪ್‌ನ ಕಪ್ಪು ಬಸಾಲ್ಟ್ ಶಿಲೆ ಹರಡಿಕೊಂಡಿದೆ. ಅಂಗಡಿಯಲ್ಲಿ ದುಬಾರಿಯಾಗಿ ಸಿಗುವ ಗಾಢ ಬಣ್ಣದ ತಳಹಾಸು ಆ ಭಾಗದವರಿಗೆ ಕ್ರಷರ್‌ನಲ್ಲಿಯೇ ಸಿಗುವುದು ಒಂದು ಭಾಗ್ಯ, ಆದರೆ ಬಸಾಲ್ಟಿನ ಪೊಟರೆಗಳಲ್ಲಿ ಕ್ಯಾಲ್ಸೈಟ್ ಹರಳುಗಳು ಸೇರಿಕೊಂಡಿರುವುದುಂಟು. ಕಲಬುರಗಿ, ಬಾಗಲಕೋಟೆಯ ಕಡೆ ಸುಣ್ಣಕಲ್ಲಿನ ಪದರಗಳೇ ಇವೆ. ಕ್ಯಾಲ್ಸೈಟ್, ಸುಣ್ಣಕಲ್ಲುಗಳಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಯಾವುದೇ ಮರಳು ನಿಧಾನವಾಗಿ ಕರಗುತ್ತಾ ನೀರಿನ ಗಡಸುತನವನ್ನೂ ಪಿಎಚ್ ಅನ್ನೂ ಏರಿಸುತ್ತಲೇ ಹೋಗುತ್ತದೆ.

ಮೊದಲ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದ್ದು. ತೊಳೆದು ಒಣಗಿಸಿದ ಒಂದು ಚಮಚ ಮರಳಿನ ಮೇಲೆ ವಿನೆಗರ್ ಹಾಕಿ, ಕಿವಿಯ ಹತ್ತಿರ ಹಿಡಿದು, ಸಣ್ಣ ಗುಳ್ಳೆಗಳು ಏಳುತ್ತವೆಯೇ ಎಂದು ನೋಡಬೇಕು. ಆದರೆ ವಿನೆಗರ್ ದುರ್ಬಲ ಆಮ್ಲವಾದ್ದರಿಂದ ಅಲ್ಪ ಪ್ರಮಾಣದ ಕಾರ್ಬೊನೇಟ್ ಇದ್ದರೆ ಅದು ಕಣ್ಣಿಗೆ ಬೀಳದೆಯೂ ಹೋಗಬಹುದು. ಹೆಚ್ಚು ನಂಬಬಹುದಾದದ್ದು ಎರಡು ಬಾಟಲಿಗಳ ಪರೀಕ್ಷೆ. ಒಂದೇ ಅಳತೆಯ ಎರಡು ಬಾಟಲಿಗಳಿಗೆ ಒಂದೇ ನೀರು ತುಂಬಿ, ಒಂದಕ್ಕೆ ಮಾತ್ರ ಚೆನ್ನಾಗಿ ತೊಳೆದ ಮರಳನ್ನು ಕಾಲು ಭಾಗದಷ್ಟು ಹಾಕಿ, ವಾರದವರೆಗೆ ಆಗಾಗ ಕುಲುಕುತ್ತಾ ಇಟ್ಟು, ಕೊನೆಯಲ್ಲಿ ಎರಡರ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ವಸ್ತುಗಳ ಒಟ್ಟು ಪ್ರಮಾಣ, ಅಳೆಯಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಇದಕ್ಕೆ ಸಾಕು. ಹತ್ತಿಪ್ಪತ್ತು ಪಿಪಿಎಂ ವ್ಯತ್ಯಾಸಕ್ಕೆ ಚಿಂತೆ ಬೇಡ. ಅದಕ್ಕಿಂತ ಬಹಳ ಹೆಚ್ಚು ಏರಿದ್ದರೆ ಆ ಮರಳನ್ನು ಗಿಡದ ಕುಂಡಕ್ಕೆ ಬಳಸಿಕೊಳ್ಳಿ. ಇಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಪರೀಕ್ಷೆಗೆ ಗಡಸಾದ ಬೋರ್‌ವೆಲ್ ನೀರನ್ನೇ ಬಳಸಿದರೆ, ಅದರಲ್ಲಿ ಮೊದಲೇ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿಕೊಂಡಿರುವುದರಿಂದ ಮರಳಿನಿಂದ ಇನ್ನಷ್ಟು ಕರಗಲು ಅವಕಾಶವಿರುವುದಿಲ್ಲ, ಮತ್ತು ಕೆಟ್ಟ ಮರಳೂ ಒಳ್ಳೆಯದೆಂದು ತೋರುತ್ತದೆ. ಆದ್ದರಿಂದ ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರಿನಲ್ಲಿಯೇ ಪರೀಕ್ಷೆ ಮಾಡಬೇಕು.

ಸಿಲಿಕಾ ಮರಳು ಹಾಕಿದರೆ ಗಾಜಿನ ಮೇಲೆ ಕಂದು ಪಾಚಿ ಕಟ್ಟುತ್ತದೆ ಎಂಬ ಮಾತು ಹವ್ಯಾಸಿಗಳಲ್ಲಿ ಬಹಳ ಹಳೆಯದು. ಕಂದು ಪಾಚಿಯೆಂದು ಕರೆಯುವ ಡಯಾಟಮ್‌ಗಳು ತಮ್ಮ ಕವಚಕ್ಕೆ ಸಿಲಿಕಾ ಬಳಸುತ್ತವೆ ಎಂಬುದು ನಿಜ. ಆದರೆ ಕ್ವಾರ್ಟ್ಝ್ ಕರಗುವ ವೇಗ ಎಷ್ಟು ಕಡಿಮೆಯೆಂದರೆ, ಗ್ರಾನೈಟ್ ಬಂಡೆಗಳ ಬಿರುಕುಗಳಿಂದ ಬರುವ ನಮ್ಮ ಬೋರ್‌ವೆಲ್ ನೀರಿನಲ್ಲಿಯೇ ಅದಕ್ಕಿಂತ ಹೆಚ್ಚು ಸಿಲಿಕಾ ಕರಗಿರುತ್ತದೆ. ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಕಾಣುವ ಕಂದು ಪದರ ಮರಳು ಇಲ್ಲದ ತೊಟ್ಟಿಯಲ್ಲಿಯೂ ಬರುತ್ತದೆ, ಗಿಡಗಳು ಚೇತರಿಸಿಕೊಂಡಂತೆ ಕಡಿಮೆಯಾಗುತ್ತದೆ.

ಬಣ್ಣ ಅಭಿರುಚಿಯ ವಿಷಯ. ಅಪ್ಪಟ ಬಿಳಿ ಮರಳಿನ ಮೇಲೆ ಮೀನುಗಳು ಹಿನ್ನೆಲೆಗೆ ಹೊಂದಿಕೊಳ್ಳಲು ತಮ್ಮ ಬಣ್ಣ ಮಸುಕಾಗಿಸಿಕೊಳ್ಳುತ್ತವೆ, ಕಸವೂ ಎದ್ದು ಕಾಣುತ್ತದೆ ಎಂಬುದಷ್ಟೇ ನನ್ನ ತಕರಾರು. ಬಣ್ಣ ಬಳಿದ ಮರಳನ್ನಂತೂ ಬಳಸಲೇಬಾರದು. ಅಂಚಿನ ವಿಷಯ ಹೆಚ್ಚು ಗಂಭೀರವಾದದ್ದು. ಕೊರಿಡೊರಾಸ್ ಜಾತಿಯ ಮೀನುಗಳು ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರುಗಳ ಮೂಲಕ ಹೊರಬಿಡುತ್ತಾ ಆಹಾರ ಹುಡುಕುತ್ತವೆ, ಲೋಚ್‌ಗಳು ತಳದಲ್ಲಿಯೇ ಹೊರಳಾಡುತ್ತವೆ. ಇಂಥ ಮೀನುಗಳಿದ್ದರೆ ಎಂ-ಸ್ಯಾಂಡಿನ ಚೂಪು ಕಾಳುಗಳು ಬೇಡ. ಬೆರಳುಗಳ ನಡುವೆ ಹಿಡಿದು ಗಟ್ಟಿಯಾಗಿ ಉಜ್ಜಿದಾಗ ಚುಚ್ಚಿದಂತಾಗುವ ಮರಳು ಅವುಗಳ ಮೀಸೆಗೂ ಚುಚ್ಚುತ್ತದೆ.

ಇನ್ನು ಗಿಡಗಳ ಊಟದ ವಿಷಯ. ಅಮೋನಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕಬ್ಬಿಣದಂಥ ಪೋಷಕಾಂಶಗಳು ನೀರಿನಲ್ಲಿ ಧನ ವಿದ್ಯುದಂಶದ ಕಣಗಳಾಗಿರುತ್ತವೆ. ಜೇಡಿಮಣ್ಣಿನ ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಅವು ಈ ಪೋಷಕಾಂಶಗಳನ್ನು ಹಿಡಿದಿಟ್ಟುಕೊಂಡು ಬೇರು ಕೇಳಿದಾಗ ಬಿಟ್ಟುಕೊಡುತ್ತವೆ. ಮರಳಿನಲ್ಲಿ ಈ ಗುಣ ಹೆಚ್ಚೂಕಡಿಮೆ ಸೊನ್ನೆ. ದುಬಾರಿ ಅಕ್ವಾಸಾಯಿಲ್‌ನಲ್ಲಿ ನಾವು ಹಣ ಕೊಡುವುದು ಮುಖ್ಯವಾಗಿ ಜೇಡಿಮಣ್ಣಿನ ಈ ಗುಣಕ್ಕೆ ಮತ್ತು ಅದರಲ್ಲಿ ಸೇರಿಸಿದ ಪೋಷಕಾಂಶಗಳಿಗೆ. ಹಾಗಾದರೆ ಬೇರಿನ ಬಳಿ ಮಾತ್ರ ಸ್ವಲ್ಪ ಜೇಡಿಮಣ್ಣು ಇಟ್ಟರೆ ಸಾಲದೇ? ಬಹುತೇಕ ಗಿಡಗಳಿಗೆ ಸಾಕು.

ಇದರಲ್ಲಿಯೂ ಮಣ್ಣಿಂದ ಮಣ್ಣಿಗೆ ವ್ಯತ್ಯಾಸವಿದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಖನಿಜ, ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್‌ಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಪೋಷಕಾಂಶವನ್ನು ಹಿಡಿದಿಡಬಲ್ಲದು. ಆದರೆ ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳು ಬೆರೆತಿರುವುದುಂಟು, ಆರಿಸಿ ತೆಗೆಯಬೇಕು. ಕರಾವಳಿಯ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದೆ. ಆಮ್ಲಜನಕ ಕಡಿಮೆಯಿರುವ ತಳದಲ್ಲಿ ಆ ಕಬ್ಬಿಣ ಕರಗುವ ರೂಪಕ್ಕೆ ಬಂದು ಬೇರಿಗೆ ದಕ್ಕುತ್ತದೆ. 1980ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳು ಹಣ ಕೊಟ್ಟು ಕೊಳ್ಳುತ್ತಿದ್ದ ಲ್ಯಾಟರೈಟ್ ಇದೇ ಜಾತಿಯದು. ಗಣೇಶನ ಮೂರ್ತಿ ಮಾಡುವವರಲ್ಲಿ ಅಥವಾ ಕುಂಬಾರರಲ್ಲಿ ಸಿಗುವ, ಏನೂ ಬೆರೆಸದ ಜೇಡಿಮಣ್ಣಿಗೆ ಸ್ವಲ್ಪ ಜಂಬಿಟ್ಟಿಗೆ ಪುಡಿ ಸೇರಿಸಿ, ಗೋಲಿಯಷ್ಟು ದೊಡ್ಡ ಉಂಡೆ ಕಟ್ಟಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಗಿಡದ ಬುಡದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ಒತ್ತಿದರೆ ಖನಿಜಗಳ ಆಸರೆ ಸಿಕ್ಕಂತಾಗುತ್ತದೆ. ಸಾರಜನಕ ಮತ್ತು ರಂಜಕಕ್ಕಾಗಿ ಅಂಗಡಿಯ ರೂಟ್ ಟ್ಯಾಬ್ (ಬೇರಿನ ಬುಡಕ್ಕೆ ಒತ್ತುವ ಗೊಬ್ಬರದ ಗುಳಿಗೆ) ಬಳಸುವುದು ಸುರಕ್ಷಿತ. ಮನೆಯಲ್ಲಿದೆಯೆಂದು ಯೂರಿಯಾ, ಡಿಎಪಿಗಳನ್ನು ಉಂಡೆಯೊಳಗೆ ಸೇರಿಸಬೇಡಿ. ಅವುಗಳಿಂದ ಹೊರಬರುವ ಅಮೋನಿಯಾ ಮೀನುಗಳನ್ನು ಕೊಲ್ಲುತ್ತದೆ.

ಎಲ್ಲ ಗಿಡಗಳಿಗೂ ಇಷ್ಟು ಉಪಚಾರ ಬೇಕಿಲ್ಲ. ಅನೂಬಿಯಸ್, ಜಾವಾ ಫರ್ನ್ ಕಲ್ಲಿಗೋ ಮರದ ತುಂಡಿಗೋ ಅಂಟಿ ಬೆಳೆಯುತ್ತವೆ, ಅವುಗಳ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಹೈಡ್ರಿಲ್ಲಾ, ರೊಟಾಲಾದಂಥ ಕಾಂಡದ ಗಿಡಗಳು ನೀರಿಗೆ ಹಾಕಿದ ದ್ರವ ಗೊಬ್ಬರವನ್ನು ಎಲೆಗಳಿಂದಲೂ ಹೀರಿಕೊಳ್ಳುತ್ತವೆ. ಅಮೆಜಾನ್ ಸ್ವೋರ್ಡ್, ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್‌ಗಳು ಬೇರಿನಿಂದಲೇ ಹೆಚ್ಚು ಉಣ್ಣುವಂಥವು. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಕಲ್ಲುಗಳ ನಡುವಿನ ಮರಳಿನಲ್ಲಿಯೇ ಬೇರೂರಿ ನಿಲ್ಲುವ ಕ್ರಿಪ್ಟೊಕೊರೈನ್ ರೆಟ್ರೋಸ್ಪೈರಾಲಿಸ್, ಈ ಕುಲದ ಗಿಡಗಳಿಗೆ ಮರಳು ಪರಕೀಯವಲ್ಲ ಎಂಬುದಕ್ಕೆ ಸಾಕ್ಷಿ.

ಇಡೀ ತಳಕ್ಕೆ ಮಣ್ಣು ಹಾಸಿ ಮೇಲೆ ಮರಳು ಮುಚ್ಚುವ ಇನ್ನೊಂದು ವಿಧಾನವೂ ಇದೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಇದನ್ನು ಜನಪ್ರಿಯಗೊಳಿಸಿದರು. ಗೊಬ್ಬರ ಹಾಕದ ತೋಟದ ಮಣ್ಣನ್ನು ಜರಡಿ ಹಿಡಿದು ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಅದರ ಮೇಲೆ ಅಷ್ಟೇ ದಪ್ಪದ ಮರಳು ಮುಚ್ಚಿದರೆ ಸಾಕು. ಇಲ್ಲಿ ಮರಳಿನ ಕಾಳು ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪವಿದ್ದರೇ ಒಳ್ಳೆಯದು, ಇಲ್ಲವಾದರೆ ಕೆಳಗಿನ ಮಣ್ಣಿನ ಉಸಿರು ಕಟ್ಟುತ್ತದೆ. ಮೊದಲ ದಿನದಿಂದಲೇ ದಟ್ಟವಾಗಿ ಗಿಡ ನೆಡಬೇಕು, ಮತ್ತು ಅಮೋನಿಯಾ ಇಳಿದದ್ದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಮೀನು ಬಿಡಬೇಕು. ಆಗಾಗ ಗಿಡ ಕಿತ್ತು ಜಾಗ ಬದಲಿಸುವ ಅಭ್ಯಾಸವಿರುವವರಿಗೆ ಈ ವಿಧಾನ ಒಗ್ಗುವುದಿಲ್ಲ. ಕಿತ್ತಾಗಲೆಲ್ಲ ಮಣ್ಣು ಮೇಲೇಳುತ್ತದೆ.

ಎಷ್ಟು ಮರಳು ಬೇಕೆಂಬ ಲೆಕ್ಕ ಸುಲಭ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತೊಟ್ಟಿಗೆ ಸರಾಸರಿ 5 ಸೆಂಟಿಮೀಟರ್ ದಪ್ಪಕ್ಕೆ 9,000 ಘನ ಸೆಂಟಿಮೀಟರ್, ಅಂದರೆ 9 ಲೀಟರ್ ಮರಳು ಬೇಕು. ಲೀಟರಿಗೆ ಸುಮಾರು ಒಂದೂವರೆ ಕಿಲೋ ಹಿಡಿದರೆ 14 ಕಿಲೋದ ಆಸುಪಾಸು. ಮುಂಭಾಗದಲ್ಲಿ 3, ಹಿಂಭಾಗದಲ್ಲಿ 7 ಸೆಂಟಿಮೀಟರ್ ಇರುವಂತೆ ಇಳಿಜಾರು ಮಾಡಿಕೊಂಡರೆ ನೋಟಕ್ಕೂ ಚೆನ್ನ, ಬೇರಿಗೂ ಆಳ ಸಿಗುತ್ತದೆ. ತೊಳೆಯುವಾಗ ಮೂಟೆಯನ್ನು ಒಣಗಿದ್ದಂತೆಯೇ ಸುರಿಯಬಾರದು. ಸಿಲಿಕಾದ ನುಣುಪು ಧೂಳು ಶ್ವಾಸಕೋಶಕ್ಕೆ ಹಾನಿಕರ, ಕಲ್ಲುಕ್ವಾರಿಯ ಕೆಲಸಗಾರರನ್ನು ಕಾಡುವ ಸಿಲಿಕೋಸಿಸ್ ಕಾಯಿಲೆಗೆ ಅದೇ ಕಾರಣ. ಬಕೆಟ್ಟಿನಲ್ಲಿ ಮೂರನೇ ಒಂದು ಭಾಗ ಮರಳು ಹಾಕಿ, ತಳದವರೆಗೆ ಪೈಪ್ ಇಳಿಸಿ ನೀರು ಬಿಟ್ಟು, ಕೈಯಾಡಿಸುತ್ತಾ, ಹೊರಚೆಲ್ಲುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಆ ರಾಡಿಯನ್ನು ಬಚ್ಚಲಿಗೆ ಬಿಟ್ಟರೆ ಪೈಪು ಕಟ್ಟಿಕೊಳ್ಳುತ್ತದೆ, ಅದನ್ನು ಗಿಡದ ಪಾತಿಗೆ ಹರಿಸಿ.

ತೊಟ್ಟಿ ತುಂಬಿದ ಮೇಲೆ ಮರಳಿನೊಳಗೆ ಅಲ್ಲಲ್ಲಿ ಕಪ್ಪು ಕಲೆ ಕಂಡು ಗಾಬರಿಯಾಗುವವರುಂಟು. ಆಮ್ಲಜನಕ ಮುಗಿದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೇಟನ್ನು ಬಳಸಿಕೊಂಡು ನಿರುಪದ್ರವಿ ಸಾರಜನಕ ಅನಿಲವನ್ನಾಗಿ ಮಾಡುತ್ತವೆ. ಇದು ತೊಟ್ಟಿಗೆ ಒಳ್ಳೆಯದೇ. ಅದೂ ಮುಗಿದ ಮೇಲೆ ಸಲ್ಫೇಟಿಗೆ ಕೈಹಾಕಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುಗಡೆ ಮಾಡುತ್ತವೆ. ಕಪ್ಪು ಬಣ್ಣ ಬರುವುದು ಅದು ಕಬ್ಬಿಣದೊಡನೆ ಸೇರಿದಾಗ. ಬೇರುಗಳು ಹರಡಿದ ಮರಳಿನಲ್ಲಿ ಇದು ಅಪರೂಪ, ಏಕೆಂದರೆ ನೀರುಗಿಡಗಳು ಎಲೆಯಲ್ಲಿ ತಯಾರಾದ ಆಮ್ಲಜನಕದ ಸ್ವಲ್ಪ ಭಾಗವನ್ನು ಬೇರಿನ ಮೂಲಕ ಸುತ್ತಲಿನ ಮರಳಿಗೆ ಬಿಡುತ್ತವೆ. ಗಿಡವಿಲ್ಲದ ಮೂಲೆಗಳನ್ನು ತೆಳುವಾಗಿಡಿ, ತಿಂಗಳಿಗೊಮ್ಮೆ ಕಡ್ಡಿಯಿಂದ ಮೆಲ್ಲಗೆ ಕೆದಕಿ. ನಮ್ಮ ಕೆರೆಗಳಲ್ಲಿಯೂ ಕಾಣುವ, ಉದ್ದ ಶಂಕುವಿನಾಕಾರದ ಟ್ರಂಪೆಟ್ ಬಸವನಹುಳುಗಳು ಹಗಲೆಲ್ಲ ಮರಳಿನೊಳಗೆ ಓಡಾಡುತ್ತಾ ಈ ಕೆಲಸವನ್ನು ತಾವಾಗಿಯೇ ಮಾಡುತ್ತವೆ.

ಅಕ್ವಾಸಾಯಿಲ್ ಕಾಳುಗಳು ಕೆಲವು ವರ್ಷಗಳಲ್ಲಿ ಸತ್ವ ಕಳೆದುಕೊಂಡು ಪುಡಿಯಾಗುತ್ತಾ ಬರುತ್ತವೆ. ಕ್ವಾರ್ಟ್ಝ್ ಮರಳು ಸವೆಯುವುದಿಲ್ಲ. ತೊಟ್ಟಿಯನ್ನು ಕಳಚಿ ಮತ್ತೆ ಜೋಡಿಸುವ ಸಂದರ್ಭ ಬಂದಾಗ ಮರಳನ್ನು ಹೊರತೆಗೆದು, ಬೇರಿನ ತುಂಡುಗಳನ್ನು ಆರಿಸಿ, ಮರಳಿನಲ್ಲಿ ನೆಲೆಸಿದ ಉಪಕಾರಿ ಬ್ಯಾಕ್ಟೀರಿಯಾ ಉಳಿಯಬೇಕೆಂದರೆ ಕ್ಲೋರಿನ್ ಇರುವ ನಲ್ಲಿ ನೀರಿನ ಬದಲು ತೊಟ್ಟಿಯ ಹಳೆಯ ನೀರಿನಲ್ಲಿಯೇ ಜಾಲಿಸಿ, ಅದೇ ದಿನ ಮರಳಿ ತುಂಬಬೇಕು. ರೋಗ ಬಂದ ತೊಟ್ಟಿಯ ಮರಳಾದರೆ ಈ ಬ್ಯಾಕ್ಟೀರಿಯಾಗಳ ಆಸೆ ಬಿಟ್ಟು, ಚೆನ್ನಾಗಿ ತೊಳೆದು, ತೆಳುವಾಗಿ ಹರಡಿ, ಪೂರ್ತಿ ಗರಿಗರಿಯಾಗುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಬಳಸಬೇಕು.